ಗ್ರಾಮಫೋನ್ ಪ್ಲೇಟಿನಲ್ಲಿ ಬಂದ ಫ್ಲಮೆಂಕೋ, ಟ್ಯಾಂಗೋ

ಫ್ಲಮೆಂಕೋ ಎಂದರೂ ಟ್ಯಾಂಗೋ ಎಂದರೂ ನಮ್ಮಲ್ಲಿ ಹೆಚ್ಚಿನವರ ಕಣ್ಣಮುಂದೆ ಬರುವುದು ಕುಣಿತ. ಸಿನಿಮಾಗಳು ಕಲಿಸಿದ ಪಾಠ ಅದು. ಆದರೆ ಸ್ಪೇನಿನ ದಕ್ಷಿಣದ ಆಂದಲೂಸಿಯಾದ ಜನಕ್ಕೆ ಫ್ಲಮೆಂಕೋದ ಜೀವಾಳವೆಂದರೆ ಹಾಡು. ಅರ್ಜೆಂಟೀನಾ, ಉರುಗ್ವೆಗಳ ಟ್ಯಾಂಗೋ ಕುಣಿತವಾಗಿಯೇ ಹುಟ್ಟಿದರೂ ಮುಂದೆ ಹಾಡಾಗಿ ಬೆಳೆಯಿತು. ನನಗೆ ಈ ಎರಡರ ಪರಿಚಯವಾದದ್ದು ಗೈದರ್ಸ್‌ಬರ್ಗಿನ ಲೈಬ್ರರಿಯಿಂದ ಎರವಲು ತಂದ ಸಿಡಿಗಳಿಂದ, ಆಫೀಸಿಗೆ ಹೋಗುವ ಬರುವ ದಾರಿಯಲ್ಲಿ. ಕಾರಿನಲ್ಲಿ ಕುಣಿತ ಕಾಣುವುದಿಲ್ಲವಲ್ಲ! ಹಾಗಾಗಿ ಕಿವಿಗೆ ಬಿದ್ದದ್ದೇ ಸತ್ಯ.

ಈ ಸಂಗೀತ ನಮ್ಮಂಥವರ ಕಿವಿಗೆ ಬೀಳುವಂತೆ ಮಾಡಿದ ಯಂತ್ರದ ಕಥೆ ನಮ್ಮ ನೆರೆಯ ವಾಷಿಂಗ್ಟನ್ನಿನದೇ. ಜರ್ಮನಿಯ ಹ್ಯಾನೋವರಿನಿಂದ 1870ರಲ್ಲಿ ವಲಸೆ ಬಂದ ಎಮಿಲ್ ಬರ್ಲಿನರ್ ಇಲ್ಲಿದ್ದುಕೊಂಡೇ 1887ರಲ್ಲಿ ಗ್ರಾಮಫೋನಿಗೆ ಪೇಟೆಂಟ್ ಪಡೆದ. ಎಡಿಸನ್ನನ ಯಂತ್ರ ಓಡಿಸುತ್ತಿದ್ದದ್ದು ಕೊಳವೆಯಾಕಾರದ ಸಿಲಿಂಡರನ್ನು. ಬರ್ಲಿನರನದು ಚಪ್ಪಟೆ ತಟ್ಟೆ. ಒಂದು ಅಚ್ಚಿನಿಂದ ಸಾವಿರಾರು ತಟ್ಟೆ ಒತ್ತಬಹುದು. ನಮ್ಮ ಹಿರಿಯರು 'ಪ್ಲೇಟು' ಎನ್ನುತ್ತಿದ್ದದ್ದು ಇದನ್ನೇ. ಬರ್ಲಿನರನಿಗೆ ಹಾಡುಗಾರರನ್ನು ಹುಡುಕಿ ತರುತ್ತಿದ್ದ ವಾಷಿಂಗ್ಟನ್ನಿನ ಹುಡುಗ ಫ್ರೆಡ್ ಗೈಸ್‌ಬರ್ಗ್, ಮುಂದೆ ಲಂಡನ್ನಿನ ಗ್ರಾಮಫೋನ್ ಕಂಪನಿ ಸೇರಿ ಊರೂರು ಸುತ್ತಿ ಧ್ವನಿ ಮುದ್ರಿಸಿಕೊಂಡ. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಆತ ಮುದ್ರಿಸಿದವರಲ್ಲಿ ಒಬ್ಬರು ಗೌಹರ್ ಜಾನ್. ಅದೇ ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ವಾಷಿಂಗ್ಟನ್ನಿಗೂ ಮೈಸೂರಿಗೂ ಎಲ್ಲಿಂದೆಲ್ಲಿಯ ನಂಟು ನೋಡಿ!

ಆ ಪ್ಲೇಟಿಗೆ ಒಂದು ಕಟ್ಟುಪಾಡಿತ್ತು. ಒಂದು ಬದಿಗೆ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಹಾಡಬಲ್ಲ ಗೌಹರ್ ಜಾನ್ ರಾಗವನ್ನು ಮೂರು ನಿಮಿಷಕ್ಕೆ ಇಳಿಸಬೇಕಾಯಿತು. ಟ್ಯಾಂಗೋಗಾದರೋ ಈ ಅಳತೆ ಹೇಳಿ ಹೊಲಿಸಿದ ಅಂಗಿಯಂತೆ ಕೂತಿತು. 1917ರಲ್ಲಿ ಕಾರ್ಲೋಸ್ ಗಾರ್ಡೆಲ್ 'ಮಿ ನೋಚೆ ತ್ರಿಸ್ತೆ' ಎಂಬ ಹಾಡನ್ನು ಪ್ಲೇಟಿಗೆ ಹಾಡಿದ. ನಲ್ಲೆ ಬಿಟ್ಟುಹೋದ ಮೇಲೆ ಬರಿದಾದ ಕೋಣೆಯ ದುಃಖ ಅದರ ವಸ್ತು. ಕಥೆ ಹೇಳುವ ಟ್ಯಾಂಗೋ ಹಾಡಿನ ಪರಂಪರೆ ಅಲ್ಲಿಂದಲೇ ಎಂದು ಇತಿಹಾಸಕಾರರು ಎಣಿಸುತ್ತಾರೆ. 1935ರ ಜೂನ್ 24ರಂದು ಕೊಲಂಬಿಯಾದ ಮೆದೆಯೀನ್‌ನಲ್ಲಿ ವಿಮಾನ ಅಪಘಾತಕ್ಕೆ ಆತ ಬಲಿಯಾದ. ಆದರೂ ಆತ ದಿನದಿನಕ್ಕೆ ಇನ್ನೂ ಚೆನ್ನಾಗಿ ಹಾಡುತ್ತಿದ್ದಾನೆ ಎಂದು ಬ್ಯೂನಸ್ ಐರಿಸ್‌ನಲ್ಲಿ ಒಂದು ಮಾತಿದೆ. ಪ್ಲೇಟು ಇದ್ದುದರಿಂದಲ್ಲವೇ ಈ ಮಾತು ಹುಟ್ಟಿದ್ದು?

ಟ್ಯಾಂಗೋದ ಮುಖ್ಯ ವಾದ್ಯ ಬಂಡೋನಿಯನ್ ಕೂಡ ವಲಸಿಗನೇ. ಜರ್ಮನಿಯಲ್ಲಿ ಹುಟ್ಟಿ, ಹಡಗು ಹತ್ತಿ ದಕ್ಷಿಣ ಅಮೆರಿಕ ಸೇರಿದ್ದು. ಯೂರೋಪಿನಿಂದ ಬಂದು ನಮ್ಮ ನಾಟಕ ಕಂಪನಿಗಳ ಪ್ರಾಣವಾದ ಹಾರ್ಮೋನಿಯಮ್ಮಿನ ದಾಯಾದಿ ಎನ್ನಬಹುದು.

ಫ್ಲಮೆಂಕೋದ ಕಥೆ ಸ್ವಲ್ಪ ಬೇರೆ. ಹತ್ತೊಂಬತ್ತನೆಯ ಶತಮಾನದ ಮಹಾನ್ ಗಾಯಕ ಸಿಲ್ವೇರಿಯೋ ಫ್ರಾಂಕೊನೆಟ್ಟಿ 1889ರಲ್ಲೇ ತೀರಿಕೊಂಡ. ಆತನ ದನಿ ಹೇಗಿತ್ತೆಂದು ಯಾರಿಗೂ ಗೊತ್ತಿಲ್ಲ. ಸೆವಿಲ್ಲೆಯ ಜಿಪ್ಸಿ ಹೆಣ್ಣುಮಗಳು ಪಾಸ್ತೋರಾ ಪವೋನ್ ಹುಟ್ಟಿದ್ದು 1890ರಲ್ಲಿ. 'ಬಾಚಣಿಗೆಯ ಹುಡುಗಿ' ಎಂದು ಹೆಸರಾದ ಆಕೆಯ ದನಿ ನೂರು ವರ್ಷದ ಮೇಲೂ ಸಿಗುತ್ತದೆ. ಕೇವಲ ಒಂದು ತಲೆಮಾರಿನ ಅಂತರ! 1922ರ ಜೂನಿನಲ್ಲಿ ಸಂಗೀತಗಾರ ಮನುವೆಲ್ ದೆ ಫಾಯ, ಕವಿ ಲೋರ್ಕಾ ಮುಂತಾದವರು ಹಳೆಯ ಹಾಡುಗಳು ಅಳಿಯುತ್ತಿವೆ ಎಂಬ ಆತಂಕದಿಂದ ಗ್ರನಾದಾದಲ್ಲಿ ಸ್ಪರ್ಧೆ ನಡೆಸಿದರು. ಅಲ್ಲಿ ಬಹುಮಾನ ಪಡೆದವರಲ್ಲಿ ಒಬ್ಬ ವಯಸ್ಸಾದ ದಿಯೇಗೋ ಬೆರ್ಮುದೆಸ್, ಇನ್ನೊಬ್ಬ ಹನ್ನೆರಡರ ಬಾಲಕ ಮನೋಲೋ ಕರಕೋಲ್. ಮುಂದೆ 1952ರಲ್ಲಿ, ಹಿಂದೆ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಕೆಲಸ ಮಾಡಿದ್ದ ಆ್ಯಲನ್ ಲೋಮ್ಯಾಕ್ಸ್ ಟೇಪ್ ರೆಕಾರ್ಡರ್ ಹೊತ್ತು ಫ್ರಾಂಕೋನ ಸ್ಪೇನಿನಲ್ಲಿ ಪೊಲೀಸರ ಕಾವಲುಗಣ್ಣಿನಡಿ ಹಳ್ಳಿ ಹಳ್ಳಿ ತಿರುಗಿದ. ಆತನ ಸಂಗ್ರಹ 2004ರಲ್ಲಿ ಅದೇ ಲೈಬ್ರರಿಗೆ ಸೇರಿತು.

ಕರ್ನಾಟಕ ಸಂಗೀತ ಕೇಳಿ ಬೆಳೆದ ಕಿವಿಗೆ ಫ್ಲಮೆಂಕೋ ಪೂರ್ತಿ ಪರಕೀಯವಲ್ಲ. ಅದರ ಸ್ವರಗಳ ಸಾಲು ಹೆಚ್ಚುಕಡಿಮೆ ನಮ್ಮ ತೋಡಿಯದು. ಗಾಂಧಾರ ಮೇಲೇರಿದಾಗ ವಕುಳಾಭರಣದ ನೆರಳು ಕಾಣುತ್ತದೆ. 'ಸೊಲೆಯಾ' ಎಂಬ ಪ್ರಕಾರದಲ್ಲಿ ಹನ್ನೆರಡು ಎಣಿಕೆಯ ಆವರ್ತ. ಒತ್ತು ಬೀಳುವುದು 3, 6, 8, 10, 12ರ ಮೇಲೆ. 3+3+2+2+2 ಎಂದು ಬಿಡಿಸಿಕೊಂಡು ತೊಡೆಯ ಮೇಲೆ ತಾಳ ಹಾಕಿ ನೋಡಿ, ಹತ್ತು ನಿಮಿಷದಲ್ಲಿ ಕೈ ಕೂತೀತು. ಹಾಗೆಂದು 'ಇದೆಲ್ಲ ನಮ್ಮಲ್ಲಿಂದಲೇ ಹೋದದ್ದು' ಎಂದು ಬೀಗುವ ಅವಸರ ಬೇಡ. ಜಿಪ್ಸಿಗಳ ರೋಮಾನಿ ಭಾಷೆಯ ಬೇರು ಭಾರತದಲ್ಲಿದೆ ಎಂಬುದು ಭಾಷಾವಿಜ್ಞಾನಿಗಳು ಒಪ್ಪಿದ ಮಾತು. ಆದರೆ ಫ್ಲಮೆಂಕೋ ಬೆಳೆದದ್ದು ಆಂದಲೂಸಿಯಾದ ನೆಲದಲ್ಲಿ, ಅಲ್ಲಿನ ಬಡವರ ಬಾಯಲ್ಲಿ, ಹಲವು ಜನಾಂಗಗಳ ಬೆರಕೆಯಲ್ಲಿ. ನೆಂಟಸ್ತಿಕೆ ಕಂಡರೆ ಸಂತೋಷಪಡೋಣ, ಆಸ್ತಿಪತ್ರ ತೋರಿಸುವುದು ಬೇಡ.

ಈ ಇತಿಹಾಸದಲ್ಲಿ ಅನಿವಾಸಿಗಳಾದ ನಮ್ಮನ್ನು ಹೆಚ್ಚು ತಟ್ಟಬೇಕಾದ ಕಥೆ ಆಸ್ತೋರ್ ಪಿಯಾಜ಼ೋಲಾನದು. 1921ರಲ್ಲಿ ಅರ್ಜೆಂಟೀನಾದಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಅಪ್ಪ ಅಮ್ಮನ ಜೊತೆ ನ್ಯೂಯಾರ್ಕಿಗೆ ಬಂದವನು. ಅಪ್ಪ ಕ್ಷೌರದಂಗಡಿಯಲ್ಲಿ ದುಡಿದು ಬಂದು, ಊರಿನ ನೆನಪಾದಾಗ ಟ್ಯಾಂಗೋ ಪ್ಲೇಟು ಹಾಕಿಕೊಂಡು ಕೂರುತ್ತಿದ್ದ. ಗಿರವಿ ಅಂಗಡಿಯಲ್ಲಿ ಕಂಡ ಹಳೆಯ ಬಂಡೋನಿಯನ್ನೊಂದನ್ನು ಮಗನಿಗೆ ಕೊಡಿಸಿದ. ಆ ಮಗ ಮುಂದೆ ಬಾಖ್‌ನ ಸಂಗೀತ, ಜ್ಯಾಜ಼್ ಎಲ್ಲವನ್ನೂ ಬೆರೆಸಿ ಟ್ಯಾಂಗೋದ ರೂಪವನ್ನೇ ಬದಲಿಸಿದ. ಮಡಿವಂತರು ಅದು ಟ್ಯಾಂಗೋವೇ ಅಲ್ಲ ಎಂದು ಸಿಟ್ಟಾದರು. 1959ರಲ್ಲಿ ಅಪ್ಪ ತೀರಿಕೊಂಡ ಸುದ್ದಿ ಬಂದಾಗ ಆತ ರಚಿಸಿದ 'ಆದಿಯೋಸ್ ನೊನಿನೋ' ಇಂದಿಗೂ ಆತನ ಹೆಸರನ್ನು ಹೊತ್ತು ನಿಂತಿದೆ.

 ಆ ಅಪ್ಪ ತನಗೆ ಬೇಕಾದ ಹಾಡನ್ನು ತಾನು ಕೇಳಿದ. ಅದು ಮನೆಯಲ್ಲಿದ್ದ ಮಗುವಿನ ಕಿವಿಗೆ ಬಿತ್ತು. ಮಗು ಅದನ್ನು ತನ್ನ ರೀತಿಯಲ್ಲಿ ಬದಲಿಸಿಕೊಂಡಿತು.

ಆದರೆ ಕೇಳಿಸಲಿಕ್ಕೆ ಮೊದಲು ಹಾಡು ಉಳಿದಿರಬೇಕು. ಕರ್ನಾಟಕದಲ್ಲಿ ಎಚ್.ಎಲ್. ನಾಗೇಗೌಡರಂಥವರು ಟೇಪ್ ರೆಕಾರ್ಡರ್ ಹಿಡಿದು ಹಳ್ಳಿಗಳಿಗೆ ಹೋದುದರಿಂದ ಎಷ್ಟೋ ಜನಪದ ಗೀತೆಗಳು ಉಳಿದವು. ರಾಮನಗರದ ಜಾನಪದ ಲೋಕದಲ್ಲಿ ಅವು ಇವೆ. ಅವರು ಹೋಗಲಾಗದ ಮನೆಗಳು ಲಕ್ಷಾಂತರ. ನಮ್ಮ ಅಮ್ಮ, ಅಜ್ಜಿ, ಅತ್ತೆಯರ ಸೋಬಾನೆ, ಆರತಿ ಹಾಡು, ತೊಟ್ಟಿಲ ಪದಗಳು ಅಂಥ ಮನೆಗಳವು. ಗೈಸ್‌ಬರ್ಗ್ ಹಡಗಿನಲ್ಲಿ ಮಣಗಟ್ಟಲೆ ಯಂತ್ರ ಸಾಗಿಸಿ ಮಾಡಿದ ಕೆಲಸವನ್ನು ಇಂದು ಜೇಬಿನಲ್ಲಿರುವ ಫೋನು ಮಾಡುತ್ತದೆ, ಮೂರು ನಿಮಿಷದ ಕಟ್ಟೂ ಇಲ್ಲ. ಈ ಬೇಸಿಗೆಯಲ್ಲಿ ಅಮ್ಮ ಗೈದರ್ಸ್‌ಬರ್ಗಿಗೋ ಅಟ್ಲಾಂಟಾಗೋ ಬಂದಾಗ ಅಡುಗೆಮನೆಯಲ್ಲಿ ಗುನುಗುವುದನ್ನು ಒಮ್ಮೆ ಪೂರ್ತಿ ಹಾಡಿಸಿಕೊಳ್ಳಿ. ಹಾಡಿನ ಜೊತೆಗೆ ಅವರ ಹೆಸರು, ಊರು, ಯಾರಿಂದ ಕಲಿತರು ಎಂಬುದನ್ನೂ ಅವರ ಬಾಯಿಂದಲೇ ಹೇಳಿಸಿ.