ಪುಣೆಯ ವೃದ್ಧಾಶ್ರಯಗಳು: ಎರಡು ಶಬ್ದಗಳ ಇತಿಹಾಸ

ಪುಣೆಯ ನವೀಪೇಟೆಯಲ್ಲಿ ‘ನಿವಾರಾ’ ಎಂಬ ವೃದ್ಧಾಶ್ರಮವೊಂದಿದೆ. ನಿವಾರಾ ಎಂದರೆ ಮರಾಠಿಯಲ್ಲಿ ಆಸರೆ. ಆದರೆ ಈ ಸಂಸ್ಥೆಯ ಮೂಲದ ಹೆಸರು ಇಷ್ಟು ಮೃದುವಾದುದಲ್ಲ. ‘ಡೇವಿಡ್ ಸಸೂನ್ ಅನಾಥ ಪಂಗು ಗೃಹ’ ಎಂಬುದು ಅದು. 1860ರ ದಶಕದಲ್ಲಿ ಹುಟ್ಟಿದ ಈ ಗೃಹವು ತನ್ನ ಬಾಗಿಲು ಯಾರಿಗಾಗಿ ತೆರೆದಿದೆ ಎಂಬುದನ್ನು ಹೆಸರಿನಲ್ಲಿಯೇ ಸಾರುತ್ತಿದ್ದಿತು. ತನ್ನವರೆಂಬವರು ಇಲ್ಲದವನು ಅನಾಥ. ಕೈಕಾಲು ನಡೆಯದವನು ಪಂಗು. ಮುಪ್ಪಿನಲ್ಲಿ ಮನುಷ್ಯನು ಮನೆ ಬಿಟ್ಟು ಬೇರೊಂದು ಸೂರಿನಡಿ ಸೇರಬೇಕಾದ ಕಾರಣಗಳು ಆ ಕಾಲದವರ ದೃಷ್ಟಿಯಲ್ಲಿ ಈ ಎರಡೇ ಆಗಿದ್ದುವು. ಅಲ್ಲಿಂದೀಚೆಗೆ ಈ ಎರಡು ಶಬ್ದಗಳಿಗೆ ಏನಾಯಿತೆಂಬುದನ್ನು ಪರಿಶೀಲಿಸಿದರೆ, ಇಂದು ಈ ನಗರದ ಕನ್ನಡ ಮನೆಗಳಲ್ಲಿ ವೃದ್ಧ ತಾಯಿಗೋ ಸೋದರತ್ತೆಗೋ ತಕ್ಕ ವಸತಿಯನ್ನು ಹುಡುಕುತ್ತಿರುವವರ ತೊಡಕು ಎಲ್ಲಿಂದ ಬಂದಿತೆಂಬುದು ತಿಳಿದುಬರುತ್ತದೆ.

ಈ ಎರಡು ಶಬ್ದಗಳು ಕನ್ನಡಿಗರಿಗೆ ಹೊಸವಲ್ಲ. ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯಲ್ಲಿದ್ದ ಕಾಳಾಮುಖರ ಕೋಡಿಯಮಠವನ್ನು ವರ್ಣಿಸುವ, ಕಳಚುರಿ ಬಿಜ್ಜಳನ ಕಾಲದ 1162ರ ಶಾಸನವು ಸಂಶೋಧಕರಿಗೆಲ್ಲ ಚಿರಪರಿಚಿತವಾದುದು. ಆ ಮಠದಲ್ಲಿ ತಡೆಯಿಲ್ಲದೆ ಅನ್ನ ಪಡೆಯುತ್ತಿದ್ದವರ ಪಟ್ಟಿಯಲ್ಲಿ ದೀನರು, ಅನಾಥರು, ಪಂಗುಗಳು, ಅಂಧರು, ಬಧಿರರು ಎಲ್ಲರೂ ಇದ್ದಾರೆ. ಅವರ ಬೆನ್ನಿಗೇ ಕಥೆ ಹೇಳುವವರು, ಹಾಡುವವರು, ಕುಣಿಯುವವರೂ ಇದ್ದಾರೆ. ರೋಗಿಗಳಿಗೆ ಔಷಧ ದೊರೆಯುವ ಸ್ಥಾನವೂ ಅದಾಗಿದ್ದಿತೆಂದು ಶಾಸನ ಹೇಳುತ್ತದೆ. ‘ವೃದ್ಧ’ ಎಂಬ ಪ್ರತ್ಯೇಕವಾದ ವರ್ಗವನ್ನು ಈ ಪಟ್ಟಿ ಎತ್ತಿ ಹೇಳುವುದಿಲ್ಲವೆಂಬುದು ಗಮನಿಸತಕ್ಕ ಸಂಗತಿ. ಮುಪ್ಪು ತಾನಾಗಿಯೇ ಒಂದು ಅರ್ಹತೆಯಾಗಿರಲಿಲ್ಲ. ಮುದುಕನ ಸ್ಥಾನ ಮನೆಯಲ್ಲಿ. ಮನೆಯಿಲ್ಲದಾಗ ಅವನು ಅನಾಥರೊಳಗೊಬ್ಬನಾಗುತ್ತಿದ್ದನು, ಕಾಲು ಸೋತಾಗ ಪಂಗುಗಳೊಳಗೊಬ್ಬನಾಗುತ್ತಿದ್ದನು.

ಪುಣೆಯ ಗೃಹಕ್ಕೆ ಹೆಸರು ಕೊಟ್ಟ ಸಸೂನನು ಸ್ವತಃ ವಲಸೆಗಾರ. 1792ರಲ್ಲಿ ಬಾಗ್ದಾದಿನಲ್ಲಿ ಹುಟ್ಟಿ, ಅಲ್ಲಿಯ ಆಳರಸರ ಕಿರುಕುಳವನ್ನು ತಾಳಲಾರದೆ ಹೊರಟು, ಕೊನೆಗೆ ಮುಂಬಯಿಯಲ್ಲಿ ನೆಲಸಿದ ಯೆಹೂದಿ ವರ್ತಕನೀತ. ಆತನ ಐಶ್ವರ್ಯದ ದೊಡ್ಡ ಪಾಲು ಚೀನಾಕ್ಕೆ ಸಾಗಿದ ಅಫೀಮಿನಿಂದ ಬಂದುದೆಂಬುದನ್ನು, ಆತನ ದಾನಗಳನ್ನು ಹೊಗಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. 1853ರಲ್ಲಿ ಬ್ರಿಟಿಷ್ ಪ್ರಜೆಯಾದರೂ ಆತನು ಬಾಗ್ದಾದಿನ ಉಡುಪನ್ನು ಬಿಡಲಿಲ್ಲ, ಇಂಗ್ಲಿಷನ್ನು ರೂಢಿಸಿಕೊಳ್ಳಲಿಲ್ಲ. 1864ರಲ್ಲಿ ಪುಣೆಯಲ್ಲಿಯೇ ತೀರಿಕೊಂಡನು. ಆತನ ಸಮಾಧಿ, ಊರವರು ‘ಲಾಲ್ ದೇವಳ’ವೆಂದು ಕರೆಯುವ ಕೆಂಪು ಇಟ್ಟಿಗೆಯ ಯೆಹೂದಿ ಮಂದಿರದ ಆವರಣದಲ್ಲಿದೆ. ಸಸೂನ್ ಆಸ್ಪತ್ರೆಯೂ ಆತನ ಮನೆತನದ ಕೊಡುಗೆಯೇ.

ಹೀಗೆ ಪರಸ್ಥಳದ ಧನಿಕನೊಬ್ಬನ ಹೆಸರಿನಿಂದ ಆರಂಭವಾದ ಈ ಪರಂಪರೆಗೆ ಕನ್ನಡ ನಾಡಿನ ಘಟ್ಟದಿಂದ ಬಂದ ಮಗಳೊಬ್ಬಳೂ ಸೇರುತ್ತಾಳೆ. ಪಂಡಿತಾ ರಮಾಬಾಯಿಯ ತಂದೆ ಅನಂತಶಾಸ್ತ್ರಿ ಡೋಂಗರೆಯವರು ಕಾರ್ಕಳದ ಹತ್ತಿರದ ಮಾಳದ ಕಡೆಯವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಜನರ ವಿರೋಧ ಕಟ್ಟಿಕೊಂಡು, ತುಂಗಾ ಭದ್ರಾ ನದಿಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ ಮನೆ ಮಾಡಿದರು. ರಮಾಬಾಯಿ ಹುಟ್ಟಿದ್ದು ಅಲ್ಲಿಯೇ, 1858ರಲ್ಲಿ. ಬಂದವರಿಗೆಲ್ಲ ಅನ್ನವಿಕ್ಕಿ ಸಾಲಗಾರರಾದ ಶಾಸ್ತ್ರಿಗಳು ಮನೆಯನ್ನು ತೊರೆದು, ಹೆಂಡತಿಮಕ್ಕಳೊಡನೆ ವರ್ಷಗಟ್ಟಲೆ ತೀರ್ಥದಿಂದ ತೀರ್ಥಕ್ಕೆ ನಡೆದರು. ಪುರಾಣ ಹೇಳಿ ಬಂದುದೇ ಜೀವನ. ವಯಸ್ಸು ಮೀರಿತು, ಕಣ್ಣು ಮಂದವಾಯಿತು. 1874ರ ಕ್ಷಾಮದಲ್ಲಿ, ಮದ್ರಾಸ್ ಪ್ರಾಂತದ ದಾರಿಯ ಮೇಲೆ, ಹಸಿವಿನಿಂದ ಕುಸಿದು ಅವರು ಪ್ರಾಣ ಬಿಟ್ಟರು. ಕೆಲವೇ ವಾರಗಳಲ್ಲಿ ತಾಯಿಯೂ ಹೋದಳು. ನೂರಾರು ಅತಿಥಿಗಳಿಗೆ ಎಲೆ ಹಾಕಿದ ಮುದುಕನಿಗೆ ಕೊನೆಗೆ ಒಂದು ಜಗುಲಿಯೂ ದೊರೆಯಲಿಲ್ಲ. ಮುದಿತನಕ್ಕೆ ತೀರ್ಥಯಾತ್ರೆಯೇ ಗತಿಯೆಂಬ ಹಳೆಯ ಆದರ್ಶದ ಇನ್ನೊಂದು ಮುಖವನ್ನು ಈ ಸಾವುಗಳು ತೋರಿಸುತ್ತವೆ.

ಆ ಮಗಳು 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದು, ಮರುವರ್ಷ ಅದನ್ನು ಪುಣೆಗೆ ತಂದಳು. ಮತಾಂತರದ ಪ್ರಶ್ನೆ ಎದ್ದು ಪುಣೆಯ ಪತ್ರಿಕೆಗಳಲ್ಲಿ ದೊಡ್ಡ ವಾದವೇ ನಡೆದುದು ಇತಿಹಾಸಕ್ಕೆ ಸೇರಿದ ಮಾತು. ಅದನ್ನು ಇಲ್ಲಿ ಬೆಳೆಸಬೇಕಾಗಿಲ್ಲ. ಶತಮಾನದ ಕೊನೆಯ ಕ್ಷಾಮಗಳಲ್ಲಿ, ಪುಣೆಯ ಪೂರ್ವಕ್ಕೆ ರೈಲುದಾರಿಯ ಮೇಲಿರುವ ಕೇಡಗಾಂವಿನಲ್ಲಿ ಬೆಳೆದ ಆಕೆಯ ‘ಮುಕ್ತಿ’ಯಲ್ಲಿ ವಿಧವೆಯರು, ಅನಾಥ ಮಕ್ಕಳು ಮಾತ್ರವಲ್ಲದೆ ಅಂಧೆಯರಿಗೂ ಅಶಕ್ತ ವೃದ್ಧೆಯರಿಗೂ ಆಶ್ರಯವಿದ್ದಿತು. 1896ರಲ್ಲಿ ಧೊಂಡೋ ಕೇಶವ ಕರ್ವೆಯವರು ಆರಂಭಿಸಿದ ಸಂಸ್ಥೆಯ ಹೆಸರೂ ‘ಅನಾಥ ಬಾಲಿಕಾಶ್ರಮ’ವೇ. ಇಲ್ಲಿ ಶಬ್ದಾರ್ಥದಲ್ಲಿ ಒಂದು ಸೂಕ್ಷ್ಮವಾದ ಪಲ್ಲಟವುಂಟು. ಆ ಆಶ್ರಮ ಸೇರಿದ ಬಾಲವಿಧವೆಯರಲ್ಲಿ ಎಷ್ಟೋ ಮಂದಿಗೆ ತಂದೆ ಇದ್ದನು, ಅಣ್ಣಂದಿರು ಇದ್ದರು, ಮನೆಯೂ ಇದ್ದಿತು. ಇಲ್ಲದಿದ್ದುದು ಆ ಮನೆಯೊಳಗೆ ತನ್ನದೆನ್ನಬಹುದಾದ ಜಾಗ. ಜನರಿದ್ದೂ ಅನಾಥರಾಗಬಹುದೆಂಬುದನ್ನು ಪುಣೆ ಮೊದಲು ಒಪ್ಪಿದ್ದು ವಿಧವೆಯರ ವಿಷಯದಲ್ಲಿ. ವೃದ್ಧರ ವಿಷಯದಲ್ಲಿ ಅದನ್ನು ಒಪ್ಪಲು ಇನ್ನೂ ನೂರು ವರ್ಷ ಹಿಡಿಯಿತು.

ಆ ನೂರು ವರ್ಷಗಳಲ್ಲಿ ಪುಣೆಯು ಪಿಂಚಣಿದಾರರ ಊರೆಂದು ಹೆಸರಾಯಿತು. 1956ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಆಡಳಿತದಲ್ಲಿಯೇ ಇದ್ದುದರಿಂದ, ಅಲ್ಲಿಯ ಕನ್ನಡಿಗರಿಗೆ ಪುಣೆ ಹೊರನಾಡಾಗಿರಲಿಲ್ಲ. ಓದಲಿಕ್ಕೆ ಡೆಕ್ಕನ್ ಕಾಲೇಜಿಗೋ ಫರ್ಗ್ಯುಸನ್ನಿಗೋ ಬಂದವರು, ಸರಕಾರಿ ನೌಕರಿಯಿಂದ ವರ್ಗವಾಗಿ ಬಂದವರು ಇಲ್ಲಿಯೇ ನಿಂತರು. ಉಡುಪಿ ಕಡೆಯವರು ಹೋಟೆಲುಗಳೊಡನೆ ಬಂದರು. ಪೇಟೆಗಳ ವಾಡೆಗಳಲ್ಲಿ ಬಾಡಿಗೆಯ ಎರಡು ಕೋಣೆಯ ಸಂಸಾರವಾದರೂ ಮುದುಕರಿಗೆ ಓಸರಿಯೊಂದಿದ್ದಿತು, ನಡುವಿನ ಚೌಕವಿದ್ದಿತು, ಹೋಗಿಬರುವ ನೆರೆಯವರಿದ್ದರು. ವಾಡೆಗಳು ಒಂದೊಂದಾಗಿ ಬಿದ್ದು ಅವುಗಳ ಸ್ಥಾನದಲ್ಲಿ ಫ್ಲ್ಯಾಟುಗಳೆದ್ದಾಗ ಕಳೆದುಹೋದುದು ಆ ಓಸರಿ. ಕೂಡುಕುಟುಂಬ ಒಡೆದುದರ ಬಗ್ಗೆ ಬೇಕಾದಷ್ಟು ಬರೆಯಲಾಗಿದೆ; ಓಸರಿ ಹೋದುದರ ಬಗ್ಗೆ ಅಷ್ಟಾಗಿ ಬರೆದಿಲ್ಲ. ಬಾಗಿಲು ಮುಚ್ಚಿದ ನಾಲ್ಕನೆಯ ಮಹಡಿಯ ಮನೆಯಲ್ಲಿ, ಧಾರವಾಡದಿಂದ ಕರೆತಂದ ತಾಯಿಗೆ ಹಗಲೆಲ್ಲ ಮಾತನಾಡಲು ಯಾರೂ ಇಲ್ಲ. ಮಗನೂ ಸೊಸೆಯೂ ದುಡಿಯಲು ಹೋಗಿರುತ್ತಾರೆ.

1995ರಲ್ಲಿ ಮಹಾರಾಷ್ಟ್ರ ಸರಕಾರವು ‘ಮಾತೋಶ್ರೀ’ ವೃದ್ಧಾಶ್ರಮಗಳ ಯೋಜನೆಯನ್ನು ಕೈಗೊಂಡಿತು. ಕೆಲವೇ ವರ್ಷಗಳಲ್ಲಿ ಪುಣೆಯ ಪರಾಂಜಪೆ ಕಟ್ಟಡ ಸಂಸ್ಥೆಯು ‘ಅಥಶ್ರೀ’ ಎಂಬ ಹೆಸರಿನಿಂದ ಹಿರಿಯರಿಗಾಗಿಯೇ ಮನೆಗಳ ಸಮುಚ್ಚಯಗಳನ್ನು ಕಟ್ಟತೊಡಗಿತು. ಗ್ರಂಥದ ಕೊನೆಯಲ್ಲಿ ಬರುವುದು ‘ಇತಿ’, ಆರಂಭದಲ್ಲಿ ಬರುವುದು ‘ಅಥ’. ಹೆಸರಿಟ್ಟವರ ಜಾಣ್ಮೆಯನ್ನು ಮೆಚ್ಚಬೇಕು. ಅನಾಥ ಶಬ್ದ ಇಲ್ಲಿಗೆ ಉದುರಿಹೋಯಿತು. ಈ ಮನೆಗಳಿಗೆ ಬಂದವರಿಗೆ ಮಕ್ಕಳಿದ್ದರು. ಎಷ್ಟೋ ವೇಳೆ ಅಮೇರಿಕೆಯಿಂದ ಹಣ ಕಳಿಸಿದವರೇ ಆ ಮಕ್ಕಳು. ಅದರೊಡನೆ ಪಂಗು ಶಬ್ದವೂ ಉದುರಿತೆಂಬುದನ್ನು ಬಹಳ ಮಂದಿ ಗಮನಿಸಲಿಲ್ಲ. ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳಬಲ್ಲವರಿಗೆ ಮಾತ್ರ ಪ್ರವೇಶವೆಂಬುದು ಅನೇಕ ವೃದ್ಧಾಶ್ರಮಗಳ ನಿಯಮ. ಹಳೆಯ ಗೃಹವು ಯಾರನ್ನು ಹೆಸರಿಟ್ಟು ಕರೆಯುತ್ತಿದ್ದಿತೋ, ಆ ನಡೆಯಲಾರದವನು ಹೊಸ ಗೃಹಗಳ ಬಾಗಿಲಲ್ಲಿಯೇ ನಿಂತನು.

ಜಾಹೀರಾತುಗಳಲ್ಲಿ ‘ಅಸಿಸ್ಟೆಡ್ ಲಿವಿಂಗ್’ ಎಂದು ಕಾಣಿಸಿಕೊಳ್ಳುವ ನೆರವಿನ ವಸತಿ ಹುಟ್ಟಿದ್ದು ಈ ತೆರಪಿನಿಂದ. ಸ್ನಾನ, ಉಡುಗೆ, ಊಟ, ಔಷಧ ಇವುಗಳಿಗೆ ಇನ್ನೊಬ್ಬರ ಕೈ ಬೇಕಾದವರ ವಸತಿ ಅದು. ಪಂಗು ಶಬ್ದವೇ ಬೇರೆ ವೇಷದಲ್ಲಿ ಮರಳಿ ಬಂದಿತೆನ್ನಬೇಕು. ಕಾನೂನು ಮಾತ್ರ ಇನ್ನೂ ಹೆಚ್ಚಾಗಿ ಅನಾಥ ಶಬ್ದದ ಕಡೆಗೇ ಇದೆ. ತಂದೆತಾಯಿಗಳ ಪೋಷಣೆಯನ್ನು ಕುರಿತ 2007ರ ಕೇಂದ್ರ ಶಾಸನವು ಜಿಲ್ಲೆಗೊಂದರಂತೆ, ಕನಿಷ್ಠ 150 ಜನರಿಗೆ ಸಾಲುವ ವೃದ್ಧಾಶ್ರಮಗಳನ್ನು ಕಟ್ಟಬಹುದೆಂದು ಹೇಳಿದ್ದು ನಿರ್ಗತಿಕರಿಗಾಗಿ. ಹಣ ಕೊಟ್ಟು ಸೇರುವ ನಿವೃತ್ತರ ವಸತಿಗಳಿಗೆ 2019ರಲ್ಲಿ ಕೇಂದ್ರ ವಸತಿ ಮಂತ್ರಾಲಯವು ಮಾದರಿ ಸೂತ್ರಗಳನ್ನು ಹೊರಡಿಸಿತು. ಜಾರದ ನೆಲ, ಗಾಲಿಕುರ್ಚಿ ಹೋಗುವ ಇಳಿಜಾರು, ಕಟ್ಟಿದವನು, ಸೇವೆ ನಡೆಸುವವನು, ಸೇರುವವನು ಮೂವರೂ ಸಹಿ ಹಾಕಬೇಕಾದ ಕರಾರು ಇವೆಲ್ಲ ಅದರಲ್ಲಿವೆ. ಆದರೆ ಮಾದರಿ ಮಾದರಿಯೇ. ರಾಜ್ಯಗಳು ಅಂಗೀಕರಿಸಿದ ಹೊರತು ಅದಕ್ಕೆ ಬಲವಿಲ್ಲ.

ಆದುದರಿಂದ ಮನೆ ನೋಡಲು ಹೋದ ಬಂಧುಗಳು ತೋಟವನ್ನೂ ಭಜನೆಯ ಹಾಲನ್ನೂ ನೋಡಿ ತೃಪ್ತರಾಗುವುದು ಸಾಲದು. ಇಂದು ನಡೆದಾಡುವ ತಾಯಿ ನಾಳೆ ಹಾಸಿಗೆ ಹಿಡಿದರೆ ಅಲ್ಲಿಯೇ ಇಟ್ಟುಕೊಳ್ಳುವರೋ, ಕರೆದುಕೊಂಡು ಹೋಗಿರೆಂದು ಹೇಳುವರೋ ಎಂಬುದು ಕರಾರಿನಲ್ಲಿ ಬರೆದಿರಬೇಕು. ರಾತ್ರಿ ಹತ್ತರ ಮೇಲೆ ಎಷ್ಟು ಜನಕ್ಕೆ ಒಬ್ಬ ದಾದಿಯೆಂದು ಕೇಳಬೇಕು. ಸಾಧ್ಯವಾದರೆ ಆ ಹೊತ್ತಿನಲ್ಲಿಯೇ ಹೋಗಿ ನೋಡಬೇಕು.

ಕನ್ನಡದ ಮನೆಗಳಿಗೆ ಇನ್ನೂ ಒಂದು ಪ್ರಶ್ನೆಯಿದೆ. ಮರೆವಿನ ರೋಗ ಬಲಿತಂತೆ, ಆಮೇಲೆ ಕಲಿತ ಭಾಷೆ ಮೊದಲು ಜಾರಿ, ಬಾಲ್ಯದ ಭಾಷೆಯೊಂದೇ ಉಳಿಯುವುದು ಅನೇಕರಲ್ಲಿ ಕಂಡುಬರುತ್ತದೆ. ಐವತ್ತು ವರ್ಷ ಮಂಡಯಿಯಲ್ಲಿ ಮರಾಠಿಯಿಂದ ಚೌಕಾಶಿ ಮಾಡಿದ ಹೆಂಗಸು ಕೊನೆಗೆ ‘ನೀರಡಿಕೆ’ ಎಂಬ ಒಂದೇ ಮಾತನ್ನು ಹೇಳುವಳು. ಎದುರಿಗಿದ್ದವಳಿಗೆ ಅದು ತಿಳಿಯದು. ಅವಳನ್ನು ಧಾರವಾಡಕ್ಕೋ ಬೆಂಗಳೂರಿಗೋ ಕಳಿಸಿದರೆ ಭಾಷೆ ದೊರೆತೀತು, ವಾರಕ್ಕೊಮ್ಮೆ ಬಂದು ನೋಡುವ ಮಗ ದೊರೆಯನು. ಇಲ್ಲಿಯೇ ಇಟ್ಟರೆ ಮಗನುಂಟು, ಮಾತಿಲ್ಲ. ಎರಡರಲ್ಲಿ ಯಾವುದು ಹಗುರವೆಂದು ಹೊರಗಿನವರು ತೂಗಿ ಹೇಳುವಂತಿಲ್ಲ. ಇಲ್ಲಿಯೇ ಇಡುವುದಾದರೆ, ಕೆಲಸದವರಲ್ಲಿ ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆಯವರು ಯಾರಾದರೂ ಇರುವರೇ ಎಂದು ವಿಚಾರಿಸಬೇಕು. ಅವರಲ್ಲಿ ಕನ್ನಡ ಬಲ್ಲವರು ಇರುತ್ತಾರೆ. ಇಲ್ಲದಿದ್ದರೆ ನೀರಡಿಕೆ, ನೋವು, ಚಳಿ, ಸಾಕು, ಬೇಡ ಎಂಬಂಥ ಇಪ್ಪತ್ತು ಮಾತುಗಳನ್ನು ಮರಾಠಿ ಅರ್ಥದೊಡನೆ ದೇವನಾಗರಿಯಲ್ಲಿ ದೊಡ್ಡದಾಗಿ ಬರೆದು, ಅವಳ ಮಂಚದ ತಲೆಯ ಕಡೆಯ ಗೋಡೆಗೆ ಅಂಟಿಸಿ ಬರಬೇಕು.