ಆರು ವೋಲ್ಟಿನ ಮನೆ

1947ರ ಏಪ್ರಿಲ್ 23ರಂದು ಡಚ್ ವ್ಯಾಪಾರಿ ಬೆನ್ ಪಾನ್ ತನ್ನ ಟಿಪ್ಪಣಿ ಪುಸ್ತಕದ ಹಾಳೆಯೊಂದರ ಮೇಲೆ ಪೆಟ್ಟಿಗೆಯಂಥ ಒಂದು ವಾಹನದ ಚಿತ್ರವನ್ನು ಗೀಚಿದ. ಚಾಲಕ ತೀರಾ ಮುಂದೆ, ಎಂಜಿನ್ ತೀರಾ ಹಿಂದೆ, ನಡುವೆ ಸರಕಿಗೆ ಜಾಗ. ಇಷ್ಟೇ ಆ ಚಿತ್ರ. ಇಂದು ಅದು ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನ ಆಸ್ತಿ. ಆ ಗೀಚಿನಿಂದ ಹುಟ್ಟಿದ ವಾಹನ 1950ರ ಮಾರ್ಚ್‌ನಲ್ಲಿ ಜರ್ಮನಿಯ ವುಲ್ಫ್ಸ್‌ಬರ್ಗ್ ಕಾರ್ಖಾನೆಯಿಂದ ಹೊರಬರತೊಡಗಿತು. ಅದೇ ಫೋಕ್ಸ್‌ವ್ಯಾಗನ್ ಟೈಪ್ 2. ಜನರ ಬಾಯಲ್ಲಿ 'ಕೊಂಬಿ'.

ಸರಕು ಸಾಗಿಸಲು ಮಾಡಿದ ಈ ಪೆಟ್ಟಿಗೆ ಮನೆಯಾಗಲು ಹೆಚ್ಚು ಕಾಲ ಬೇಕಾಗಲಿಲ್ಲ. 1951ರಲ್ಲಿ ವೀಡನ್‌ಬ್ರೂಕ್ ಎಂಬ ಊರಿನ ವೆಸ್ಟ್‌ಫಾಲಿಯಾ ಕಂಪೆನಿ ಇದರೊಳಗೆ ಕೂರಿಸಬಹುದಾದ 'ಕ್ಯಾಂಪಿಂಗ್ ಬಾಕ್ಸ್' ತಯಾರಿಸಿತು. ಕಪಾಟು, ಮಡಚುವ ಮೇಜು, ಬಿಚ್ಚಿದರೆ ಹಾಸಿಗೆಯಾಗುವ ಆಸನ ಎಲ್ಲವೂ ಅದರಲ್ಲಿದ್ದವು. ವಾರದ ದಿನಗಳಲ್ಲಿ ಅಂಗಡಿಯ ಸಾಮಾನು ಹೊತ್ತ ವಾಹನ, ರಜೆ ಬಂದರೆ ಸಂಸಾರವನ್ನೇ ಹೊತ್ತು ಹೊರಡುತ್ತಿತ್ತು. ಯುದ್ಧದಿಂದ ಜರ್ಜರಿತವಾಗಿ ಚೇತರಿಸಿಕೊಳ್ಳುತ್ತಿದ್ದ ದೇಶಕ್ಕೆ ಇಂಥ ಜೋಡಿ ಉಪಯೋಗ ಒಪ್ಪಿತವಾದದ್ದು ಸಹಜ.

ಐವತ್ತು, ಅರವತ್ತರ ದಶಕದ ಆ ಸಂಚಾರಿ ಮನೆಗಳಲ್ಲಿ ಅನೇಕವು ಇಂದಿಗೂ ಯುರೋಪ್ ಮತ್ತು ಅಮೆರಿಕದ ರಸ್ತೆಗಳಲ್ಲಿ ಓಡುತ್ತಿವೆ. ಅರವತ್ತು, ಎಪ್ಪತ್ತು ವರ್ಷ ಕಳೆದ ಯಂತ್ರ ತಾನಾಗಿ ಓಡುವುದಿಲ್ಲ. ಯಾರೋ ಅದನ್ನು ಓಡಿಸುತ್ತಲೇ ಇರಬೇಕು, ಎಂದರೆ ರಿಪೇರಿ ಮಾಡುತ್ತಲೇ ಇರಬೇಕು. ಆ ರಿಪೇರಿಯ ಕಥೆಯೊಳಗೆ ಒಂದು ದೊಡ್ಡ ಪ್ರಶ್ನೆ ಅಡಗಿದೆ. ಹಳೆಯ ವಾಹನವನ್ನು ಇದ್ದಂತೆಯೇ ಉಳಿಸಬೇಕೆ, ಇಲ್ಲವೆ ಇಂದಿನ ಬಳಕೆಗೆ ಒಗ್ಗುವಂತೆ ಬದಲಿಸಬೇಕೆ?

ಒಂದೇ ಬೆಲ್ಟ್, ಎರಡು ಕೆಲಸ

ಮೊದಲ ಟೈಪ್ 2ರ ಎಂಜಿನ್ 1131 ಸಿ.ಸಿ. ಸಾಮರ್ಥ್ಯದ್ದು, ಶಕ್ತಿ ಕೇವಲ 25 ಅಶ್ವಶಕ್ತಿ. ನಾಲ್ಕು ಸಿಲಿಂಡರ್‌ಗಳು ಎರಡೆರಡಾಗಿ ಎದುರುಬದುರು ಮಲಗಿರುತ್ತವೆ. ರೇಡಿಯೇಟರ್ ಇಲ್ಲ, ನೀರಿಲ್ಲ. ತಂಪು ಮಾಡುವ ಹೊಣೆಯೆಲ್ಲ ಗಾಳಿಯದು ಮತ್ತು ಎಣ್ಣೆಯದು.

ಗಾಳಿ ಬೀಸುವ ಫ್ಯಾನ್ ಇರುವುದು ವಿದ್ಯುತ್ ಉತ್ಪಾದಿಸುವ ಡೈನಮೊದ ದಂಡದ ಮೇಲೆಯೇ. ಎರಡನ್ನೂ ತಿರುಗಿಸುವುದು ಒಂದೇ ಬೆಲ್ಟ್. ಬೆಲ್ಟ್ ತುಂಡಾದರೆ ಬ್ಯಾಟರಿ ಚಾರ್ಜ್ ಆಗುವುದೂ ನಿಲ್ಲುತ್ತದೆ, ಎಂಜಿನ್ ತಂಪಾಗುವುದೂ ನಿಲ್ಲುತ್ತದೆ. ಆಗ ಚಾಲಕನೆದುರು ಒಂದು ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಹೆಸರಿಗೆ ಅದು ಚಾರ್ಜಿಂಗ್ ದೀಪ. ಆದರೆ ಬಲ್ಲವರು ಅದನ್ನು ಕಂಡೊಡನೆ ಬಂಡಿ ನಿಲ್ಲಿಸುತ್ತಾರೆ. 'ಮುಂದಿನ ಊರಿನವರೆಗೆ ಹೋಗೋಣ' ಎಂದುಕೊಂಡವರು ಎಂಜಿನ್ ಕಳೆದುಕೊಳ್ಳುತ್ತಾರೆ. ಹೀಗಾಗಿ ಒಂದು ಹೆಚ್ಚುವರಿ ಬೆಲ್ಟ್ ಮತ್ತು ಒಂದು ಸ್ಪ್ಯಾನರ್ ಈ ಮನೆಯ ಕಡ್ಡಾಯ ಸಾಮಾನುಗಳು. ಬೆಲ್ಟ್‌ನ ಬಿಗಿ ಹೊಂದಿಸುವ ಕ್ರಮವೂ ವಿಚಿತ್ರ. ಡೈನಮೊದ ಪುಲಿ ಎರಡು ಹೋಳಾಗಿದ್ದು, ಅವುಗಳ ನಡುವೆ ತೆಳು ವಾಷರ್‌ಗಳಿರುತ್ತವೆ. ಒಂದನ್ನು ತೆಗೆದರೆ ಬೆಲ್ಟ್ ಬಿಗಿಯಾಗುತ್ತದೆ, ಸೇರಿಸಿದರೆ ಸಡಿಲವಾಗುತ್ತದೆ.

ಎಂಜಿನ್ ಹಿಡಿಯುವ ಎಣ್ಣೆ ಸುಮಾರು ಎರಡೂವರೆ ಲೀಟರ್. ಇಂದಿನ ಕಾರುಗಳಂತೆ ಕಾಗದದ ಫಿಲ್ಟರ್ ಇಲ್ಲ, ಇರುವುದು ತಂತಿಯ ಜಾಲರಿ ಮಾತ್ರ. ಅದು ದಪ್ಪ ಕಸವನ್ನಷ್ಟೇ ತಡೆಯುತ್ತದೆ. ಆದ್ದರಿಂದ 5,000 ಕಿಲೋಮೀಟರಿಗೊಮ್ಮೆ ಎಣ್ಣೆ ಬದಲಿಸಲೇಬೇಕು. ಅದೇ ಹೊತ್ತಿಗೆ ವಾಲ್ವ್‌ಗಳ ಸಂದು ನೋಡಬೇಕು. ಎಂಜಿನ್ ಪೂರ್ತಿ ತಣ್ಣಗಿದ್ದಾಗ 0.15 ಮಿಲಿಮೀಟರ್, ಸಾಮಾನ್ಯ ಕಾಗದದ ಒಂದೂವರೆ ಹಾಳೆಯಷ್ಟು ದಪ್ಪ. ಸಂದು ಕಿರಿದಾದರೆ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಹಳೆಯ ಮಾದರಿಗಳಲ್ಲಿ ಎಣ್ಣೆ ತಂಪು ಮಾಡುವ ಕೂಲರ್, ಮೂರನೆಯ ಸಿಲಿಂಡರಿಗೆ ಹೋಗುವ ಗಾಳಿಗೆ ಅಡ್ಡ ನಿಂತಿತ್ತು. ಹೀಗಾಗಿ ಆ ಸಿಲಿಂಡರಿನ ವಾಲ್ವ್‌ಗಳೇ ಮೊದಲು ಕೈಕೊಡುತ್ತಿದ್ದವು. 1971ರ ಮಾದರಿಯಲ್ಲಿ ಕಂಪೆನಿಯೇ ಕೂಲರಿನ ಜಾಗ ಬದಲಿಸಿತು.

ಮಾಲೀಕನೇ ಮೆಕ್ಯಾನಿಕ್

ಇಷ್ಟೆಲ್ಲ ಆರೈಕೆಯನ್ನು ಸಾಮಾನ್ಯರೂ ಮಾಡಬಹುದೆಂದು ತೋರಿಸಿದ್ದು ಒಂದು ಪುಸ್ತಕ. ಅಮೆರಿಕದ ಎಂಜಿನಿಯರ್ ಜಾನ್ ಮ್ಯೂರ್ 1969ರಲ್ಲಿ 'ಹೌ ಟು ಕೀಪ್ ಯುವರ್ ಫೋಕ್ಸ್‌ವ್ಯಾಗನ್ ಅಲೈವ್' ಪ್ರಕಟಿಸಿದ. ಪೀಟರ್ ಆಶ್‌ವಾಂಡೆನ್ ಬಿಡಿಸಿದ ಚಿತ್ರಗಳಿದ್ದ ಈ ಕೈಪಿಡಿ, ಸ್ಪ್ಯಾನರ್ ಹಿಡಿದು ಗೊತ್ತಿಲ್ಲದವನನ್ನೂ ಮಿತ್ರನಂತೆ ಮಾತನಾಡಿಸಿ ಎಂಜಿನ್ ಬಿಚ್ಚಿಸುತ್ತಿತ್ತು. ಕಂಪೆನಿಯ ಗ್ಯಾರೇಜಿನ ಗುಟ್ಟು ಮನೆಯಂಗಳಕ್ಕೆ ಬಂದಂತಾಯಿತು.

ಅದು ಹಿಪ್ಪಿಗಳ ಕಾಲವೂ ಹೌದು. ಯುರೋಪಿನ ಯುವಜನ ಇಂಥ ವಾಹನಗಳಲ್ಲಿ ಇಸ್ತಾಂಬುಲ್, ಟೆಹರಾನ್, ಕಾಬೂಲ್, ಲಾಹೋರ್ ದಾಟಿ ದೆಹಲಿ, ಗೋವಾ, ಕಠ್ಮಂಡುವಿನವರೆಗೆ ಬರುತ್ತಿದ್ದರು. ದಾರಿಯಲ್ಲಿ ಕೆಟ್ಟರೆ ಕಂಪೆನಿಯ ಗ್ಯಾರೇಜ್ ಎಲ್ಲಿಂದ ಬರಬೇಕು? ತಮ್ಮ ಕೈಯೇ ತಮಗೆ ಗತಿ. 1979ರಲ್ಲಿ ಇರಾನಿನ ಕ್ರಾಂತಿ ಮತ್ತು ಆಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆಯ ಪ್ರವೇಶದೊಂದಿಗೆ ಆ ದಾರಿ ಮುಚ್ಚಿತು. ಆದರೆ ಸ್ವಂತ ರಿಪೇರಿಯ ಪರಂಪರೆ ಉಳಿಯಿತು.

ಆರರಿಂದ ಹನ್ನೆರಡಕ್ಕೆ

ಯಂತ್ರದ ಕಥೆ ಹೀಗಾದರೆ ವಿದ್ಯುತ್ತಿನದು ಇನ್ನಷ್ಟು ಕುತೂಹಲದ್ದು. 1966ರವರೆಗಿನ ಟೈಪ್ 2ಗಳದು 6 ವೋಲ್ಟ್ ವ್ಯವಸ್ಥೆ. 1967ರ ಮಾದರಿಯಿಂದ ಅದು 12 ವೋಲ್ಟ್ ಆಯಿತು.

ಇದರಿಂದೇನು ವ್ಯತ್ಯಾಸ? 40 ವಾಟ್‌ನ ಒಂದು ಹೆಡ್‌ಲೈಟ್ ಉರಿಯಲು 6 ವೋಲ್ಟ್‌ನಲ್ಲಿ ಸುಮಾರು 6.7 ಆಂಪಿಯರ್ ಕರೆಂಟ್ ಹರಿಯಬೇಕು. 12 ವೋಲ್ಟ್‌ನಲ್ಲಾದರೆ ಅದರರ್ಧ ಸಾಕು. ಕರೆಂಟ್ ಹೆಚ್ಚಾದಷ್ಟೂ ದಪ್ಪ ತಂತಿ ಬೇಕು, ಜೋಡಣೆಗಳು ಶುಚಿಯಾಗಿರಬೇಕು. ತುಕ್ಕು ಹಿಡಿದ ಒಂದು ಜೋಡಣೆ ಅರ್ಧ ವೋಲ್ಟ್ ತಿಂದುಹಾಕಿದರೆ 12ರಲ್ಲಿ ಅದು ಸಣ್ಣ ನಷ್ಟ. 6ರಲ್ಲಿ ಹನ್ನೆರಡರಲ್ಲೊಂದು ಪಾಲೇ ಹೋದಂತೆ. ಹಳೆಯ ಕೊಂಬಿಯ ದೀಪ ಮಂಕಾಗಿ, ಚಳಿಯ ಬೆಳಿಗ್ಗೆ ಸೆಲ್ಫ್ ಮೋಟರು ನರಳುವುದಕ್ಕೆ ಬಹುಪಾಲು ಕಾರಣ ಇದೇ. ಎಷ್ಟೋ ಸಲ ಬಾಡಿಗೆ ತಾಗುವ ಅರ್ಥ್ ತಂತಿಯ ತುದಿಯನ್ನು ಉಜ್ಜಿ ಶುಚಿ ಮಾಡಿದರೆ ಅರ್ಧ ಕಾಯಿಲೆ ವಾಸಿಯಾಗುತ್ತದೆ.

ಆದರೂ ಅನೇಕ ಮಾಲೀಕರು 12 ವೋಲ್ಟ್‌ಗೆ ಬದಲಾಗುತ್ತಾರೆ. ಕೆಲಸ ಬ್ಯಾಟರಿ ಬದಲಿಸಿದಲ್ಲಿಗೆ ಮುಗಿಯುವುದಿಲ್ಲ. ಡೈನಮೊ, ಅದರ ವೋಲ್ಟೇಜ್ ರೆಗ್ಯುಲೇಟರ್, ಇಗ್ನಿಷನ್ ಕಾಯಿಲ್, ಎಲ್ಲ ಬಲ್ಬುಗಳು, ಇಂಡಿಕೇಟರಿನ ರಿಲೇ, ವೈಪರ್ ಮೋಟರ್ ಸರದಿಯಲ್ಲಿ ನಿಲ್ಲುತ್ತವೆ. ಹಳೆಯ ತಂತಿಗಳು ಗಟ್ಟಿಯಾಗಿದ್ದರೆ ಅವನ್ನು ಬದಲಿಸುವ ಅಗತ್ಯವಿಲ್ಲ. ಹೆಚ್ಚು ಕರೆಂಟಿಗೆಂದು ದಪ್ಪವಾಗಿಯೇ ಮಾಡಿದ್ದವು ಅವು. ತೊಡಕು ಬರುವುದು ಸೆಲ್ಫ್ ಮೋಟರಿನಲ್ಲಿ. 6 ವೋಲ್ಟ್ ಕಾಲದ ಫ್ಲೈವೀಲಿಗೆ 109 ಹಲ್ಲು, 12 ವೋಲ್ಟ್ ಕಾಲದ್ದಕ್ಕೆ 130. ಹೊಸ ಸೆಲ್ಫ್ ಮೋಟರು ಹಳೆಯ ಚಕ್ರಕ್ಕೆ ಹೊಂದದು. ಚಕ್ರ ಬದಲಿಸೋಣವೆಂದರೆ ಅದು ಗಾತ್ರದಲ್ಲಿ ದೊಡ್ಡದು. ಗೇರ್‌ಬಾಕ್ಸಿನ ಕವಚವನ್ನು ಒಳಗಿನಿಂದ ಉಜ್ಜಿ ಜಾಗ ಮಾಡಬೇಕು. ವಿದ್ಯುತ್ತಿನಲ್ಲಿ ಶುರುವಾದ ಬದಲಾವಣೆ ಲೋಹವನ್ನು ಉಜ್ಜುವಲ್ಲಿಗೆ ಬಂದು ನಿಲ್ಲುತ್ತದೆ. ಉಜ್ಜಿದ ಲೋಹ ಮರಳಿ ಬಾರದು.

ಮನೆಯೊಳಗಿನ ಕರೆಂಟು

ಮೊದಮೊದಲ ಕ್ಯಾಂಪರ್‌ಗಳಲ್ಲಿ ಮನೆಗೆಂದು ಬೇರೆ ವಿದ್ಯುತ್ತೇ ಇರಲಿಲ್ಲ. ಆಹಾರ ಕೆಡದಂತೆ ಮಂಜುಗಡ್ಡೆಯ ಪೆಟ್ಟಿಗೆ, ನೀರಿಗೆ ಕೈಪಂಪು. ಬಳಿಕ ಬಂದದ್ದು ಗ್ಯಾಸ್‌ನಿಂದಲೂ ನಡೆಯುವ ಫ್ರಿಜ್. ಶಾಖ ಕೊಟ್ಟು ತಂಪು ಪಡೆಯುವ ಈ ಬಗೆಯ ಫ್ರಿಜ್ಜನ್ನು 1922ರಲ್ಲಿ ರೂಪಿಸಿದವರು ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್‌ಸಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್. ಅದರಲ್ಲಿ ತಿರುಗುವ ಭಾಗಗಳಿಲ್ಲ, ಸದ್ದಿಲ್ಲ. ಆದರೆ ವಾಹನ ಸಮತಟ್ಟಾಗಿ ನಿಂತಿರಬೇಕು. ಗ್ಯಾಸ್ ಬಿಟ್ಟು ಬ್ಯಾಟರಿಯಿಂದ ನಡೆಸಿದರೆ ಒಂದೇ ರಾತ್ರಿಯಲ್ಲಿ ಬ್ಯಾಟರಿ ಬರಿದಾದೀತು.

ಬೆಳಿಗ್ಗೆ ಎದ್ದಾಗ ಬಂಡಿ ಸ್ಟಾರ್ಟ್ ಆಗಲೇಬೇಕಲ್ಲ? ಆದ್ದರಿಂದ ಮನೆಗೊಂದು, ಎಂಜಿನ್ನಿಗೊಂದು ಎಂದು ಎರಡು ಬ್ಯಾಟರಿ ಇಡುವ ಪದ್ಧತಿ ಬಂತು. ನಡುವೆ ಒಂದು ರಿಲೇ. ಎಂಜಿನ್ ಓಡುವಾಗ ಅದು ಎರಡನ್ನೂ ಕೂಡಿಸುತ್ತದೆ, ನಿಂತಾಗ ಬೇರ್ಪಡಿಸುತ್ತದೆ. ಹಳೆಯ ಡೈನಮೊ ನಿಧಾನ ವೇಗದಲ್ಲಿ ಚಾರ್ಜ್ ಮಾಡುವುದೇ ಕಡಿಮೆ. ಎಪ್ಪತ್ತರ ದಶಕದಲ್ಲಿ ಅದರ ಜಾಗಕ್ಕೆ ಆಲ್ಟರ್ನೇಟರ್ ಬಂದ ಮೇಲೆ ಎರಡು ಬ್ಯಾಟರಿಗಳ ಸಂಸಾರ ಸಲೀಸಾಯಿತು.

ಇಂದಿನವರ ಒಲವು ಲಿಥಿಯಂ ಬ್ಯಾಟರಿ ಕಡೆಗೆ. ಅದು ಹಗುರ, ಅದರ ಬಹುಪಾಲು ಶಕ್ತಿಯನ್ನು ಬಳಸಬಹುದು. ಆದರೆ ಅದರ ಹಸಿವು ದೊಡ್ಡದು. ನೇರವಾಗಿ ಜೋಡಿಸಿದರೆ ಆಲ್ಟರ್ನೇಟರ್ ಕೊಡುವಷ್ಟನ್ನೂ ಎಳೆದುಕೊಂಡು ಅದನ್ನು ಕಾಯಿಸುತ್ತದೆ. ಭಾರ ಹೆಚ್ಚಿದಾಗ, ಸರಿಯಾಗಿ ಬಿಗಿಯಾಗಿಲ್ಲದ ಬೆಲ್ಟ್ ಜಾರುತ್ತದೆ. ಆಲ್ಟರ್ನೇಟರಿನ ದಂಡದ ಮೇಲೆಯೇ ಫ್ಯಾನ್ ಇರುವ ಎಂಜಿನ್ನುಗಳಲ್ಲಿ ಬೆಲ್ಟ್ ಜಾರಿದರೆ ಗಾಳಿಯೂ ಕಡಿಮೆಯಾಗುತ್ತದೆ. ಫ್ರಿಜ್ಜಿಗೆಂದು ತಂದ ಬ್ಯಾಟರಿ ಎಂಜಿನ್ನನ್ನೇ ಬಿಸಿ ಮಾಡುವ ಪರಿ ಇದು! ಹೀಗಾಗಿ ನಡುವೆ ಕರೆಂಟಿಗೆ ಮಿತಿ ಹಾಕುವ ಚಾರ್ಜರ್ ಇಡುತ್ತಾರೆ, ಇಲ್ಲವೆ ಚಾವಣಿಯ ಸೌರಫಲಕವನ್ನು ನೆಚ್ಚುತ್ತಾರೆ.

ಬೆಂಕಿಯ ಭಯ

ಸೌಕರ್ಯಕ್ಕಿಂತ ಮೊದಲು ನೋಡಬೇಕಾದದ್ದು ಪೆಟ್ರೋಲ್ ಕೊಳವೆಗಳನ್ನು. ಬಟ್ಟೆ ಹೆಣೆದ ಹಳೆಯ ರಬ್ಬರ್ ಕೊಳವೆ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಬಿರುಕು ಬಿಟ್ಟಿರುತ್ತದೆ. ಎಥೆನಾಲ್ ಬೆರೆತ ಪೆಟ್ರೋಲ್ ಅದನ್ನು ಇನ್ನಷ್ಟು ಬೇಗ ಹಾಳುಗೆಡವುತ್ತದೆ. ಜರ್ಮನಿಯಲ್ಲಿ ಶೇ 10ರವರೆಗೆ ಎಥೆನಾಲ್ ಇರುವ ಪೆಟ್ರೋಲ್ ಮಾರಾಟಕ್ಕೆ ಬಂದದ್ದು 2011ರಲ್ಲಿ. ಕೊಳವೆ ಸೋರಿ ಬಿಸಿ ಎಂಜಿನ್ ಮೇಲೆ ಬಿದ್ದರೆ ಗತಿಯೇನು? ಈ ಎಂಜಿನ್ನಿನ ಕವಚ ಮೆಗ್ನೀಸಿಯಂ ಮಿಶ್ರಲೋಹದ್ದು. ಅದಕ್ಕೆ ಬೆಂಕಿ ಹತ್ತಿದರೆ ಆರಿಸುವುದು ಬಲು ಕಷ್ಟ. ನೀರು ಸುರಿದರೆ ಇನ್ನಷ್ಟು ಉರಿಯುತ್ತದೆ. ಕೆಲವು ನೂರು ರೂಪಾಯಿಯ ಕೊಳವೆಯ ಉದಾಸೀನಕ್ಕೆ ಅರ್ಧ ಶತಮಾನದ ವಾಹನ ಬಲಿಯಾಗುತ್ತದೆ. ಹೊಸದಾಗಿ ಎಳೆದ ತಂತಿಗೆ ಬ್ಯಾಟರಿಯ ಸಮೀಪದಲ್ಲೇ ಫ್ಯೂಸ್ ಇಲ್ಲದಿದ್ದರೂ ಅಪಾಯ ಇಂಥದ್ದೇ.

ಎಷ್ಟು ಬದಲಿಸಬೇಕು?

'ಮೂಲದಂತೆಯೇ ಇರಲಿ' ಎನ್ನುವವರು ಒಂದು ಮಾತು ಮರೆಯುತ್ತಾರೆ. ಮೂಲ ಎಂಬುದು ನಿಂತ ನೀರಾಗಿರಲಿಲ್ಲ. ಕಾರ್ಖಾನೆಯೇ ಪ್ರತಿವರ್ಷ ಬದಲಿಸುತ್ತಿತ್ತು. 1967ರ ಆಗಸ್ಟ್‌ನಲ್ಲಿ ಬಂದ ಎರಡನೆಯ ಪೀಳಿಗೆಗೆ ಎರಡು ಸರ್ಕೀಟಿನ ಬ್ರೇಕ್ ಬಂತು. 1971ರ ಮಾದರಿಯಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಬಂತು. ಬ್ರೆಜಿಲ್‌ನಲ್ಲಿ ಕೊಂಬಿ 2013ರವರೆಗೂ ತಯಾರಾಗುತ್ತಿತ್ತು. 2005ರ ಕೊನೆಯಲ್ಲಿ ಅಲ್ಲಿ ಅದಕ್ಕೆ ನೀರಿನಿಂದ ತಂಪಾಗುವ ಎಂಜಿನ್ ಕೂರಿಸಲಾಯಿತು. ಏರ್‌ಬ್ಯಾಗ್ ಮತ್ತು ಎ.ಬಿ.ಎಸ್. ಬ್ರೇಕ್ ಕಡ್ಡಾಯವಾದಾಗ ಉತ್ಪಾದನೆ ನಿಂತಿತು.

ಇನ್ನೊಂದು ತುದಿಯೂ ಇದೆ. 2020ರಲ್ಲಿ ಫೋಕ್ಸ್‌ವ್ಯಾಗನ್ ಕಂಪೆನಿ 1966ರ ಒಂದು ಕೊಂಬಿಯ 44 ಅಶ್ವಶಕ್ತಿಯ ಎಂಜಿನ್ ತೆಗೆದು, 83 ಅಶ್ವಶಕ್ತಿಯ ವಿದ್ಯುತ್ ಮೋಟರನ್ನೂ 45 ಕಿಲೋವಾಟ್ ಅವರ್‌ನ ಬ್ಯಾಟರಿಯನ್ನೂ ಕೂರಿಸಿ ತೋರಿಸಿತು. ಹೊರಗಿನ ರೂಪ ಹಳೆಯದೇ. ಆದರೆ ಆ ಎಂಜಿನ್ನಿನ ಸದ್ದು, ಎಣ್ಣೆಯ ವಾಸನೆ, ಕೆಂಪು ದೀಪ ಹೋದ ಮೇಲೆ ಉಳಿದದ್ದು ಅದೇ ವಾಹನವೇ?

ಇದಕ್ಕೆ ಕಾನೂನೂ ಉತ್ತರ ಹುಡುಕಿದೆ. ಜರ್ಮನಿಯಲ್ಲಿ 1997ರಿಂದ, 30 ವರ್ಷ ದಾಟಿ ಬಹುಮಟ್ಟಿಗೆ ಮೂಲ ಸ್ಥಿತಿಯಲ್ಲಿರುವ ವಾಹನಗಳಿಗೆ 'ಎಚ್' ಅಕ್ಷರದ ನಂಬರ್ ಪ್ಲೇಟ್ ಸಿಗುತ್ತದೆ. ಜೊತೆಗೆ ತೆರಿಗೆಯ ಅನುಕೂಲ. ಮನಬಂದಂತೆ ಬದಲಿಸಿದರೆ ಆ ಹಕ್ಕು ಕೈತಪ್ಪಬಹುದು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ 'ಫಿವಾ' 2012ರಲ್ಲಿ ಒಪ್ಪಿದ ಟ್ಯೂರಿನ್ ಸನದು ಮಧ್ಯದ ದಾರಿ ಹೇಳುತ್ತದೆ. ವಾಹನವನ್ನು ಬಳಸುತ್ತಿರಬೇಕು. ಬದಲಾವಣೆ ಅನಿವಾರ್ಯವಾದರೆ ಸಾಧ್ಯವಾದಷ್ಟೂ ಮತ್ತೆ ಹಿಂದಿನಂತೆ ಮಾಡಬಹುದಾದ ರೀತಿಯಲ್ಲಿ ಮಾಡಬೇಕು, ಮಾಡಿದ್ದನ್ನು ದಾಖಲಿಸಬೇಕು, ಕಳಚಿದ ಮುಖ್ಯ ಭಾಗಗಳನ್ನು ಜೋಪಾನ ಮಾಡಬೇಕು.

ಈ ಅಳತೆಗೋಲಿನಲ್ಲಿ ನೋಡಿದರೆ ಹೊಸ ಪೆಟ್ರೋಲ್ ಕೊಳವೆಗೆ ಯಾರ ತಕರಾರೂ ಇರಲಾರದು. ಎರಡನೆಯ ಬ್ಯಾಟರಿಯನ್ನು ನಾಳೆ ಬಿಚ್ಚಿ ಇಡಬಹುದು. 12 ವೋಲ್ಟ್‌ಗೆ ಬದಲಾದವನೂ ಹಳೆಯ ಡೈನಮೊ ಮತ್ತು ರೆಗ್ಯುಲೇಟರನ್ನು ಗುಜರಿಗೆ ಹಾಕದೆ, ಎಣ್ಣೆ ಸವರಿ, ಚೀಟಿ ಅಂಟಿಸಿ ಪೆಟ್ಟಿಗೆಯಲ್ಲಿಟ್ಟರೆ ಮುಂದಿನ ಮಾಲೀಕನಿಗೆ ದಾರಿ ತೆರೆದಿರುತ್ತದೆ. ಯೋಚಿಸಿ ಕೈಹಾಕಬೇಕಾದದ್ದು ಉಜ್ಜುಗಲ್ಲು ಹಿಡಿದು ಗೇರ್‌ಬಾಕ್ಸಿನ ಕವಚದ ಮುಂದೆ ನಿಂತಾಗ.