ಹಲ್ಲಿನ ಎಕ್ಸ್-ರೇ ಮೂಲಕ ಮೂಳೆ ಸವೆತದ ಮುನ್ಸೂಚನೆ: ಹಿರಿಯ ಮಹಿಳೆಯರಿಗೆ ಮಾಹಿತಿ

ಮೂಳೆಯ ಸಾಂದ್ರತೆ ಕುಂದಿ, ಅಲ್ಪ ಪೆಟ್ಟಿಗೂ ಮುರಿಯುವ ಸ್ಥಿತಿಯನ್ನು ಆಸ್ಟಿಯೋಪೊರೋಸಿಸ್ ಅಥವಾ ಅಸ್ಥಿರಂಧ್ರತೆ ಎನ್ನಲಾಗುತ್ತದೆ. ಋತುಬಂಧದ ನಂತರ ಈಸ್ಟ್ರೋಜೆನ್ ಹಾರ್ಮೋನು ಕಡಿಮೆಯಾಗುವುದು ಮಹಿಳೆಯರಲ್ಲಿ ಇದರ ಪ್ರಮುಖ ಕಾರಣವಾಗಿರುತ್ತದೆ. ಮೂಳೆ ಮುರಿಯುವವರೆಗೂ ಸಾಮಾನ್ಯವಾಗಿ ಯಾವುದೇ ನೋವು ಕಾಣಿಸಿಕೊಳ್ಳುವುದಿಲ್ಲ. ಬಚ್ಚಲಿನಲ್ಲಿ ಜಾರಿಬಿದ್ದು ಸೊಂಟದ ಕೀಲು ಮುರಿದ ನಂತರವೇ ಹಲವರಿಗೆ ರೋಗದ ಅರಿವಾಗುತ್ತದೆ.

ಹಲ್ಲಿನ ಚಿಕಿತ್ಸೆಗಾಗಿ ಎರಡೂ ದವಡೆಗಳನ್ನು ಒಂದೇ ಚಿತ್ರದಲ್ಲಿ ತೋರಿಸುವ ಒಪಿಜಿ ಎಕ್ಸ್-ರೇ ತೆಗೆಯಲಾಗುತ್ತದೆ. ಇದರಲ್ಲಿ ಕೆಳದವಡೆಯ ಅಂಚಿನ ಗಟ್ಟಿ ಪದರದ ದಪ್ಪವನ್ನು, ಗದ್ದದ ಪಕ್ಕದಲ್ಲಿ ನರ ಹೊರಬರುವ ರಂಧ್ರದ ಕೆಳಭಾಗದಲ್ಲಿ ಅಳೆಯಬಹುದಾಗಿದೆ. ಈ ದಪ್ಪವು 3 ಮಿ.ಮೀ.ಗಿಂತ ಕಡಿಮೆ ಇದ್ದಲ್ಲಿ ಹೆಚ್ಚಿನ ತಪಾಸಣೆ ಸೂಕ್ತವೆಂದು ಯೂರೋಪಿನ ಅಧ್ಯಯನಗಳು ಸೂಚಿಸಿವೆ. ಪದರದ ಒಳ ಅಂಚು ಸವೆದು ತೂತುತೂತಾಗಿರುವುದನ್ನು ಮೂರು ದರ್ಜೆಗಳಲ್ಲಿ ಗುರುತಿಸುವ ಕ್ಲೆಮೆಟ್ಟಿ ಸೂಚ್ಯಂಕವು 1994ರಿಂದ ಬಳಕೆಯಲ್ಲಿದೆ.

ಇದು ರೋಗನಿರ್ಣಯವಲ್ಲ ಎಂಬುದನ್ನು ಸಾರ್ವಜನಿಕರು ಗಮನಿಸತಕ್ಕದ್ದು. ಪದರ ತೆಳುವಾಗಿದ್ದರೂ ಮೂಳೆ ಸುಸ್ಥಿತಿಯಲ್ಲಿರಬಹುದು. ದಪ್ಪವಾಗಿದ್ದ ಮಾತ್ರಕ್ಕೆ ರೋಗವಿಲ್ಲವೆಂದೂ ಹೇಳಲಾಗದು. ಸೊಂಟ ಮತ್ತು ಬೆನ್ನೆಲುಬಿನ ಡೆಕ್ಸಾ ಪರೀಕ್ಷೆಯಲ್ಲಿ ಟಿ-ಸ್ಕೋರ್ -2.5 ಅಥವಾ ಅದಕ್ಕಿಂತ ಕೆಳಗಿದ್ದಲ್ಲಿ ಮಾತ್ರ ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ ಆಸ್ಟಿಯೋಪೊರೋಸಿಸ್ ಎಂದು ಪರಿಗಣಿಸಲಾಗುತ್ತದೆ. ಮೂಳೆ ತಪಾಸಣೆಗೆಂದೇ ಹಲ್ಲಿನ ಎಕ್ಸ್-ರೇ ತೆಗೆಸುವ ಅಗತ್ಯವಿಲ್ಲ. ಈಗಾಗಲೇ ತೆಗೆಸಿದ ಚಿತ್ರವನ್ನು ಈ ದೃಷ್ಟಿಯಿಂದಲೂ ನೋಡುವಂತೆ ದಂತ ವೈದ್ಯರನ್ನು ಕೋರಿದರೆ ಸಾಕು.

ಬಳ್ಳಾರಿ ಜಿಲ್ಲೆಯ ಕೆಲವು ಗ್ರಾಮಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಾಗಿರುತ್ತದೆ. ಅಂತಹ ನೀರನ್ನು ದೀರ್ಘಕಾಲ ಸೇವಿಸಿದವರಲ್ಲಿ ಬೆನ್ನೆಲುಬಿನ ಸಾಂದ್ರತೆ ಅಧಿಕವಾಗಿ ಕಂಡುಬರಬಹುದಾದರೂ ಮೂಳೆ ಬಲವಾಗಿದೆ ಎಂದು ಅರ್ಥವಲ್ಲ. ಆದ್ದರಿಂದ ಈ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸುವುದು.

ಪಾರ್ವತಿನಗರ ಮೊದಲಾದ ಬಡಾವಣೆಗಳ ಹಾಗೂ ಸಿರುಗುಪ್ಪ, ಕುರುಗೋಡು ತಾಲ್ಲೂಕುಗಳ ಮಹಿಳೆಯರು ಹಲ್ಲಿನ ತೊಂದರೆಗಳಿಗೆ ಬಳ್ಳಾರಿಯ ಸರ್ಕಾರಿ ದಂತ ವೈದ್ಯಕೀಯ ಕಾಲೇಜನ್ನು ಸಂಪರ್ಕಿಸಬಹುದಾಗಿದೆ. ಮುಂದಿನ ಸಲಹೆಯನ್ನು, ಹಿಂದೆ ವಿಮ್ಸ್ ಎಂದು ಕರೆಯಲಾಗುತ್ತಿದ್ದ ಬಳ್ಳಾರಿ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಕೇಂದ್ರದ ಮೂಳೆ ವಿಭಾಗದಲ್ಲಿ ಪಡೆಯಬಹುದು. ಹಳೆಯ ಎಕ್ಸ್-ರೇ ಮತ್ತು ಔಷಧ ಚೀಟಿಗಳನ್ನು ಜೊತೆಯಲ್ಲಿ ತರುವುದು. ಮುಟ್ಟು ನಿಂತ ವಯಸ್ಸು, ಹಿಂದಿನ ಮೂಳೆ ಮುರಿತ, ಸ್ಟೀರಾಯ್ಡ್ ಮಾತ್ರೆಗಳ ಸೇವನೆ, ತಾಯಿಗೆ ಸೊಂಟದ ಮೂಳೆ ಮುರಿದಿದ್ದಲ್ಲಿ ಆ ವಿವರಗಳನ್ನು ತಿಳಿಸತಕ್ಕದ್ದು.

ಮೂಳೆ ಸವೆತಕ್ಕೆ ಅಲೆಂಡ್ರೋನೇಟ್, ಝೋಲೆಡ್ರಾನಿಕ್ ಆಮ್ಲ ಮುಂತಾದ ಔಷಧ ಪಡೆಯುತ್ತಿರುವವರು ಹಲ್ಲು ಕೀಳಿಸುವ ಮೊದಲೇ ದಂತ ವೈದ್ಯರಿಗೆ ತಿಳಿಸುವುದು ಕಡ್ಡಾಯವೆಂದೇ ಭಾವಿಸಬೇಕು. ಅಪರೂಪವಾಗಿಯಾದರೂ ಇಂತಹವರಲ್ಲಿ ದವಡೆಯ ಗಾಯ ಮಾಯದೆ ಮೂಳೆ ಕೊಳೆಯುವ ಸಂಭವವಿರುತ್ತದೆ. ಆದರೆ ಈ ಭಯದಿಂದ ವೈದ್ಯರನ್ನು ಕೇಳದೆ ಔಷಧ ನಿಲ್ಲಿಸತಕ್ಕದ್ದಲ್ಲ.